ಎಚ್-ಇಂಡೆಕ್ಸ್ ಎರಡು ಕಡೆ ಎರಡು ಥರ ಯಾಕೆ?

ಪ್ರಶ್ನೆ: ಬೆಂಗಳೂರಿನ ಕಾಲೇಜೊಂದರಲ್ಲಿ ಮನಃಶಾಸ್ತ್ರ ಕಲಿಸುತ್ತೇನೆ. ಸಂಶೋಧನಾ ಲೇಖನಗಳಿಗೆ ಬಂದ ಸೈಟೇಷನ್ (ಬೇರೆ ಬರಹಗಳಲ್ಲಿನ ಉಲ್ಲೇಖ) ಎಣಿಸಿ ಹೇಳುವ ನನ್ನ ಎಚ್-ಇಂಡೆಕ್ಸ್ ಗೂಗಲ್ ಸ್ಕಾಲರ್‌ನಲ್ಲಿ 8, ಲೇಖನಗಳ ದತ್ತಸಂಗ್ರಹವಾದ ಸ್ಕೋಪಸ್‌ನಲ್ಲಿ 5. ನಿಮ್ಹಾನ್ಸ್‌ನಲ್ಲಿರುವ ಸಹಪಾಠಿಯದು 17. ಬಡ್ತಿ ಅರ್ಜಿಯಲ್ಲಿ ಯಾವುದನ್ನು ಬರೆಯಲಿ? ನಾನು ಅಷ್ಟೊಂದು ಹಿಂದಿದ್ದೇನೆಯೇ?
— ಉಪನ್ಯಾಸಕಿ, ಜಯನಗರ

ಉತ್ತರ: ಎರಡನ್ನೂ ಬರೆಯಿರಿ, ಪಕ್ಕದಲ್ಲೇ ಎಲ್ಲಿ ನೋಡಿದ್ದು, ಯಾವ ದಿನ ನೋಡಿದ್ದು ಎಂದು ನಮೂದಿಸಿ. ಸ್ಕಾಲರ್ ಪಿಎಚ್‌ಡಿ ಪ್ರಬಂಧ, ಪುಸ್ತಕದ ಅಧ್ಯಾಯ, ಪ್ರಿಪ್ರಿಂಟ್‌ಗಳಲ್ಲಿ (ತಜ್ಞರ ಪರಿಶೀಲನೆಗೆ ಮುಂಚೆಯೇ ಹೊರಬಂದ ಕರಡು ಲೇಖನ) ಬಂದ ಸೈಟೇಷನ್ನನ್ನೂ ಎಣಿಸುತ್ತದೆ. ಸ್ಕೋಪಸ್ ತಾನು ಆರಿಸಿಕೊಂಡ ಪತ್ರಿಕೆ, ಪುಸ್ತಕಗಳನ್ನಷ್ಟೇ ನೋಡುತ್ತದೆ.

ಅರ್ಜಿಗೆ ಮುಂಚೆ ಸ್ಕೋಪಸ್‌ನಲ್ಲಿ ನಿಮ್ಮ ಹೆಸರು ಹುಡುಕಿ. ನಮ್ಮವರಿಗೆ ಕಾಟ ಕೊಡುವುದು ಇನಿಷಿಯಲ್ಲೇ. ಒಂದು ಲೇಖನದಲ್ಲಿ ‘ಲಕ್ಷ್ಮಿ ಕೆ. ಎಸ್.’, ಇನ್ನೊಂದರಲ್ಲಿ ‘ಕೆ. ಲಕ್ಷ್ಮಿ’ ಎಂದಿದ್ದರೆ ಎರಡು ಪ್ರೊಫೈಲ್ ಹುಟ್ಟಿಕೊಂಡಿರಬಹುದು, ಸೈಟೇಷನ್ ಹಂಚಿಹೋಗಿರುತ್ತದೆ. ಅವನ್ನು ಒಂದುಗೂಡಿಸಲು ಅಲ್ಲೇ ಮನವಿ ಸಲ್ಲಿಸಿ. ಮುಂದಿನ ಲೇಖನಗಳಿಗೆ ಸಂಶೋಧಕರ ಗುರುತಾದ 16 ಅಂಕಿಯ ಆರ್ಕಿಡ್ (ORCID) ಸಂಖ್ಯೆ ತಪ್ಪದೆ ಕೊಡಿ.

ಭೌತವಿಜ್ಞಾನಿ ಹಿರ್ಶ್ 2005ರಲ್ಲಿ ಸೂಚಿಸಿದ ಎಚ್-ಇಂಡೆಕ್ಸ್ ಲೆಕ್ಕ ಸರಳ: ಎಚ್ 5 ಅಂದರೆ ತಲಾ ಕನಿಷ್ಠ 5 ಸೈಟೇಷನ್ ಬಂದ 5 ಲೇಖನಗಳಿವೆ ಎಂದು. ಲೇಖನಗಳ ಸೈಟೇಷನ್ನನ್ನು ಇಳಿಕೆ ಕ್ರಮದಲ್ಲಿಡಿ: 31, 18, 12, 7, 6, 5, 2. ಐದನೆಯದಕ್ಕೆ 6 ಇದೆ, ಆರನೆಯದಕ್ಕೆ ಬರೀ 5. ಹಾಗಾಗಿ ಎಚ್ 5. ಮೊದಲನೆಯದಕ್ಕೆ 310 ಬಂದಿದ್ದರೂ ಅದು 5ರಲ್ಲೇ ನಿಲ್ಲುತ್ತಿತ್ತು. ವರ್ಷ ಕಳೆದರೂ ಎಚ್ ಏರುತ್ತದೆಯೇ ಹೊರತು ಇಳಿಯುವುದಿಲ್ಲ, ಹಿರಿಯರಿಗೆ ಅನುಕೂಲ. ಅದಕ್ಕೇ ಮೊದಲ ಲೇಖನದಿಂದ ಈವರೆಗಿನ ವರ್ಷಗಳಿಂದ ಭಾಗಿಸಿ ನೋಡಿ: 8 ವರ್ಷಕ್ಕೆ 5 ಅಂದರೆ ಸುಮಾರು 0.6.

ಸಹಪಾಠಿಯ ಜೊತೆ ಹೋಲಿಕೆ ಬಿಡಿ. ಮಿದುಳಿನ ಸ್ಕ್ಯಾನ್ ಅಧ್ಯಯನಕ್ಕೆ ಹತ್ತಾರು ಲೇಖಕರಿರುತ್ತಾರೆ, ಸೈಟೇಷನ್ ಬೇಗ ಬರುತ್ತದೆ. ಪ್ರತಿಯೊಬ್ಬರ ಎಚ್‌ಗೂ ಅದು ಪೂರ್ತಿಯಾಗಿಯೇ ಸೇರುತ್ತದೆ. ಮಾನಸಿಕ ಮಾಪನವೊಂದನ್ನು ಕನ್ನಡಕ್ಕೆ ಒಗ್ಗಿಸಿ, ಅದರ ವಿಶ್ವಾಸಾರ್ಹತೆ ಪರೀಕ್ಷಿಸಿದವರಿಗೆ ಆ ವೇಗ ಎಲ್ಲಿಂದ ಬರಬೇಕು? ನಿಮ್ಮದೇ ಉಪವಿಭಾಗದ, ಅಷ್ಟೇ ವರ್ಷ ಕೆಲಸ ಮಾಡಿದವರನ್ನು ನೋಡಿ. ಎಷ್ಟು ಲೇಖನಗಳಲ್ಲಿ ನೀವು ಮೊದಲ ಲೇಖಕಿ ಎಂಬುದನ್ನೂ ಬರೆಯಿರಿ. ಮನಃಶಾಸ್ತ್ರದಲ್ಲಿ ಹೆಸರಿನ ಕ್ರಮ ಸಾಮಾನ್ಯವಾಗಿ ದುಡಿಮೆಯ ಕ್ರಮವೇ.

ಪ್ರಶ್ನೆ: ಮೂವರು ಸೇರಿ ಬರೆದ ಲೇಖನಕ್ಕೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) ಸಂಶೋಧನಾ ಅಂಕ ಹೇಗೆ ಹಂಚಿಕೆಯಾಗುತ್ತದೆ?
— ಸಂಶೋಧಕ, ಕೆಂಗೇರಿ

ಉತ್ತರ: 2018ರ ನಿಯಮದಂತೆ ಲೇಖನವೊಂದಕ್ಕೆ ಸಮಾಜವಿಜ್ಞಾನದಲ್ಲಿ 10, ವಿಜ್ಞಾನದಲ್ಲಿ 8 ಮೂಲ ಅಂಕ; ಇಂಪ್ಯಾಕ್ಟ್ ಫ್ಯಾಕ್ಟರ್‌ನ (ಪತ್ರಿಕೆಯ ಲೇಖನಗಳಿಗೆ ಬರುವ ಸರಾಸರಿ ಸೈಟೇಷನ್) ಹೆಚ್ಚುವರಿ ಬೇರೆ. ಮೊದಲ ಲೇಖಕರಿಗೆ ಶೇ. 70, ಉಳಿದವರಿಗೆ ತಲಾ ಶೇ. 30. ಅಂದರೆ 10ರಲ್ಲಿ 7, 3, 3. (ಕೂಡಿದರೆ 13 ಆಗುತ್ತದೆ, ಗಾಬರಿಯಾಗಬೇಡಿ.) ಇಬ್ಬರೇ ಇದ್ದರೆ ತಲಾ 7. ನಿಮ್ಮ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಯಾವ ನಿಕಾಯದಲ್ಲಿದೆ (ಫ್ಯಾಕಲ್ಟಿ: ವಿಜ್ಞಾನವೋ, ಸಮಾಜವಿಜ್ಞಾನವೋ) ಎಂದು ಮೊದಲು ವಿಚಾರಿಸಿ.