ಮಿರ್-21 ಪರೀಕ್ಷೆ ಮಾಡಿಸಬೇಕೇ?

ತೀರ್ಥಹಳ್ಳಿಯವರೇ, ಚಿಕ್ಕಮ್ಮನವರ ಸ್ತನ ಕ್ಯಾನ್ಸರ್‌ಗೆ ಮಿರ್-21 ಪರೀಕ್ಷೆಯನ್ನು ಶಿವಮೊಗ್ಗದಲ್ಲೇ ಮಾಡಿಸಬೇಕೇ, ಅದು ಹೆಚ್ಚಿದ್ದರೆ ಏನರ್ಥ ಎಂದು ಕೇಳಿದ್ದೀರಿ.

ಮಿರ್-21 ಒಂದು ಮೈಕ್ರೋಆರ್‌ಎನ್‌ಎ, ಅಂದರೆ ಕೋಶದಲ್ಲಿರುವ ಆರ್‌ಎನ್‌ಎ ಎಂಬ ಅಣುವಿನ, ಸುಮಾರು 22 ಅಕ್ಷರಗಳಷ್ಟೇ (ರಾಸಾಯನಿಕ ಘಟಕಗಳಷ್ಟೇ) ಉದ್ದದ ತುಣುಕು. ಬೇರೆ ಜೀನಿನಿಂದ ಪ್ರೋಟೀನ್ ತಯಾರಿಕೆಯ ಸೂಚನೆ ಹೊತ್ತು ಹೊರಟ ಸಂದೇಶವಾಹಕ ಆರ್‌ಎನ್‌ಎಗೆ ಅಂಟಿಕೊಂಡು, ಪ್ರೋಟೀನ್ ತಯಾರಾಗದಂತೆ ತಡೆಯುತ್ತದೆ. ಜೀನ್ ಸರಿಯಾಗಿಯೇ ಇರಬಹುದು, ಅದರ ಮಾತು ನಡೆಯುವುದಿಲ್ಲ. ಸ್ತನ ಕ್ಯಾನ್ಸರ್ ಗಡ್ಡೆಗಳಲ್ಲಿ ಮಿರ್-21 ಅನೇಕ ಸಲ ಹೆಚ್ಚಿರುತ್ತದೆ. ಅದು ಅದುಮುವ ಜೀನ್‌ಗಳಲ್ಲಿ ಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಪಿಟೆನ್ ಒಂದು. ಆಗುಂಬೆ ಘಾಟಿ ಇಳಿಯುವ ಬಸ್ಸಿನ ಬ್ರೇಕ್ ಸಡಿಲವಾದಂತೆ ಎನ್ನಿ. ಹಾಗೆಂದು ಮೈಕ್ರೋಆರ್‌ಎನ್‌ಎಗಳೆಲ್ಲ ಕೆಟ್ಟವಲ್ಲ: ಮಿರ್-200 ಗುಂಪಿನವು ಕೋಶಗಳು ಒಂದಕ್ಕೊಂದು ಅಂಟಿಕೊಂಡಿರಲು ನೆರವಾಗುತ್ತವೆ. ಅವು ಕುಗ್ಗಿದರೆ ಕೋಶಗಳು ಕಳಚಿಕೊಂಡು ಹರಡಲು ದಾರಿಯಾಗಬಹುದು.

ಮೈಕ್ರೋಆರ್‌ಎನ್‌ಎ ಕಂಡುಹಿಡಿದವರಿಗೆ 2024ರಲ್ಲಿ ನೊಬೆಲ್ ಬಂತು, ನಿಜ. ಅಷ್ಟಕ್ಕೇ ಅದು ನಿಮ್ಮ ಲ್ಯಾಬ್ ಬಿಲ್ಲಿಗೆ ಸೇರಬೇಕಿಲ್ಲ. ಸ್ತನ ಕ್ಯಾನ್ಸರ್ ಚಿಕಿತ್ಸೆಯನ್ನು ಇದರಿಂದ ನಿರ್ಧರಿಸುವ ವಾಡಿಕೆಯಿಲ್ಲ. ಚಿಕಿತ್ಸೆಗೆ ದಾರಿ ತೋರುವುದು ಬಯಾಪ್ಸಿ ವರದಿ; ಅದನ್ನು ತೆಗೆದು ಇಆರ್, ಪಿಆರ್ (ಗಡ್ಡೆಯ ಮೇಲೆ ಹಾರ್ಮೋನಿನ ಪ್ರಭಾವವಿದೆಯೇ ಎಂದು ತಿಳಿಸುವವು), ಹರ್2 (ಕೋಶದ ಬೆಳವಣಿಗೆಗೆ ಪ್ರಚೋದನೆ ಕೊಡುವ ಪ್ರೋಟೀನ್) ಎಂಬ ಮೂರು ಸಾಲುಗಳಿವೆಯೇ ನೋಡಿ. ಹರ್2 ಮುಂದೆ ‘2+’ (ಹೌದೋ ಅಲ್ಲವೋ ಸ್ಪಷ್ಟವಿಲ್ಲ) ಎಂದಿದ್ದರೆ, ಹರ್2 ಜೀನಿನ ಪ್ರತಿಗಳನ್ನು ಎಣಿಸುವ ಫಿಶ್ ಪರೀಕ್ಷೆಗೆ ಕಳುಹಿಸಿದ್ದಾರೆಯೇ ಎಂದು ವೈದ್ಯರನ್ನು ಕೇಳಿ.