ಲ್ಯಾಬ್ ಇಲ್ಲದ ಶಾಲೆಯಲ್ಲಿ ಕಲ್ಲು-ಮಣ್ಣಿನ ಪಾಠವನ್ನು ಚಟುವಟಿಕೆಯ ಮೂಲಕ ಹೇಗೆ ಮಾಡುವುದು?

ಮಂಜೇಶ್ವರ ಕಡೆಯ ಕನ್ನಡ ಮಾಧ್ಯಮ ಶಾಲೆ, 7ನೇ ಕ್ಲಾಸು, ಲ್ಯಾಬ್ ಇಲ್ಲ, ಖರ್ಚಿಗೆ ದುಡ್ಡೂ ಇಲ್ಲ ಎಂದು ಕೇಳಿದ್ದೀರಿ. ನಾನೂ ಕಾಸರಗೋಡಿನ ಹಳ್ಳಿ ಶಾಲೆಯಲ್ಲಿ ಇದೇ ಪಾಠ ಮಾಡುವವಳು. ನನ್ನ ಮಟ್ಟಿಗೆ ಉತ್ತರ ಒಂದೇ: ಸುರಂಗದಿಂದ, ಅಂದರೆ ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ತೋಡಿದ ಬಿಲದಿಂದ ಶುರು ಮಾಡಿ.

ಸೋಡಾಪುಡಿಗೆ ವಿನೆಗರ್ ಸುರಿದು ಜ್ವಾಲಾಮುಖಿ ಮಾಡಿಸುವುದನ್ನು ದಯವಿಟ್ಟು ಬಿಡಿ. ನೊರೆ ಉಕ್ಕುತ್ತದೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಆದರೆ ಭೂಮಿಯ ಬಗ್ಗೆ ಅದರಿಂದ ಏನೂ ಗೊತ್ತಾಗುವುದಿಲ್ಲ. ನಿಮ್ಮ ಕ್ಲಾಸಿನ ಎಷ್ಟೋ ಮಕ್ಕಳ ಮನೆಯ ಹಿಂದಿನ ಗುಡ್ಡದಲ್ಲಿ ಒಂದು ಸುರಂಗ ಇರುತ್ತದೆ. ಅದರೊಳಗಿನಿಂದ ನೀರು ತಾನಾಗಿ ಹರಿದು ತೋಟಕ್ಕೆ ಬರುತ್ತದೆ. ಪಂಪ್ ಇಲ್ಲ, ಕರೆಂಟ್ ಇಲ್ಲ. ಹುಟ್ಟಿದಾಗಿನಿಂದ ಆ ನೀರು ಕುಡಿದ ಮಗುವನ್ನು ಸುಮ್ನೆ ಕೇಳಿ ನೋಡಿ, ಈ ನೀರು ಎಲ್ಲಿಂದ ಬರುತ್ತದೆ ಅಂತ. ಬಾವಿಯ ಹಾಗೆ ಕೆಳಗಿನಿಂದ ಮೇಲೆ ಬರುತ್ತದೆ, ಗುಡ್ಡದ ಒಳಗೆ ಕೆರೆ ಇದೆ, ಹೀಗೆ ನಾಲ್ಕಾರು ಉತ್ತರ ಬರುತ್ತವೆ. ಸರಿ ತಪ್ಪು ಹೇಳಬೇಡಿ. ಬೋರ್ಡಿನ ಮೇಲೆ ಎಲ್ಲವನ್ನೂ ಬರೆದಿಡಿ.

ಆಮೇಲೆ ಮಾದರಿ ಮಾಡಿಸಿ. ಐದು ಲೀಟರಿನ ಪಾರದರ್ಶಕ ನೀರಿನ ಕ್ಯಾನಿನ ಮೇಲ್ಭಾಗ ಕತ್ತರಿಸಿ ತೆಗೆಯಿರಿ. ತಳಕ್ಕೆ ಎರಡು ಬೆರಳಿನಷ್ಟು ಜಲ್ಲಿ. ಅದರ ಮೇಲೆ ಶೇಡಿಮಣ್ಣನ್ನು (ಗುಡ್ಡದಲ್ಲಿ ಮುರಕಲ್ಲಿನ ಕೆಳಗೆ ಸಿಗುವ, ನೀರು ಸುಲಭವಾಗಿ ಇಳಿಯದ ನುಣುಪು ಮಣ್ಣು) ಒದ್ದೆ ಮಾಡಿ, ಒಂದು ಬದಿಗೆ ಸ್ವಲ್ಪ ಇಳಿಜಾರು ಬರುವಂತೆ ನಾಲ್ಕು ಬೆರಳು ದಪ್ಪಕ್ಕೆ ಒತ್ತಿ ಕೂರಿಸಬೇಕು, ಅಂಚಿನಲ್ಲಿ ಸಂದು ಬಿಡಬಾರದು. ಅದರ ಮೇಲೆ ಮುರಕಲ್ಲಿನ, ಅಂದರೆ ನಮ್ಮ ಕಡೆ ಮನೆಗೋಡೆಗೆ ಬಳಸುವ ತೂತು ತೂತಾದ ಕೆಂಪು ಕಲ್ಲಿನ ಚೂರು ತುಂಬಿಸಿ. ಇಳಿಜಾರಿನ ಕೆಳಬದಿಯಲ್ಲಿ, ಶೇಡಿ ಮತ್ತು ಮುರಕಲ್ಲು ಸೇರುವ ಕಡೆ ತೂತು ಮಾಡಿ ಒಂದು ಸ್ಟ್ರಾ ತೂರಿಸಿ. ಒಳಗಿನ ತುದಿಗೆ ಸೂಜಿಯಿಂದ ನಾಲ್ಕೈದು ತೂತು ಹಾಕಿ ತೆಂಗಿನ ನಾರು ಸುತ್ತಿದರೆ ಕಟ್ಟಿಕೊಳ್ಳುವುದಿಲ್ಲ. ಅದೇ ನಿಮ್ಮ ಸುರಂಗ. ಈಗ ತೂತು ಮಾಡಿದ ಡಬ್ಬದಿಂದ ನಿಧಾನವಾಗಿ ಮಳೆ ಸುರಿಸಿ. ಮೊದಲು ಏನೂ ಆಗುವುದಿಲ್ಲ, ಮಕ್ಕಳು ಚಡಪಡಿಸುತ್ತಾರೆ, ಆಗಲಿ ಬಿಡಿ. ಕಲ್ಲಿನ ಚೂರುಗಳು ನೆಂದು ನೀರು ಶೇಡಿಯವರೆಗೆ ಇಳಿದು, ಅಲ್ಲಿ ದಾರಿ ಸಿಗದೆ ಪಕ್ಕಕ್ಕೆ ಸರಿಯುತ್ತದೆ. ಸ್ಟ್ರಾದ ತುದಿಯಲ್ಲಿ ಹನಿ ಕಾಣಿಸಿಕೊಳ್ಳುತ್ತದೆ. ಮಳೆ ನಿಲ್ಲಿಸಿದ ಮೇಲೂ ಅದು ತೊಟ್ಟಿಕ್ಕುತ್ತಲೇ ಇರುತ್ತದೆ. ಅಲ್ಲಿಗೆ ಬೇಸಗೆಯಲ್ಲೂ ನೀರು ಯಾಕೆ ಬರುತ್ತದೆ ಎಂಬುದು ನೀವು ಹೇಳದೆಯೇ ಅರ್ಥವಾಗುತ್ತದೆ.

ಇನ್ನೊಂದು ಗುಂಪಿಗೆ ಶೇಡಿಮಣ್ಣು ಇಲ್ಲದೆ ಅದೇ ಮಾದರಿ ಮಾಡಲು ಹೇಳಿ. ನೀರೆಲ್ಲ ತಳಕ್ಕೆ ಹೋಗುತ್ತದೆ, ಸ್ಟ್ರಾ ಒಣಗಿಯೇ ಇರುತ್ತದೆ. ಎರಡನ್ನೂ ಪಕ್ಕಪಕ್ಕ ಇಡುವುದು ಬಹಳ ಮುಖ್ಯ, ಇಲ್ಲದಿದ್ದರೆ ಶೇಡಿಯ ಕೆಲಸ ಕಾಣುವುದಿಲ್ಲ. ಬೋರ್‌ವೆಲ್ ಕೊರೆದ ಮೇಲೆ ಸುರಂಗ ಬತ್ತಿತು ಎಂದು ಮನೆಯವರು ಹೇಳಿದ್ದನ್ನು ಯಾರಾದರೂ ಎತ್ತಿಯೇ ಎತ್ತುತ್ತಾರೆ. ಒಂದು ಕಡ್ಡಿಯಿಂದ ಶೇಡಿಯ ಪದರವನ್ನು ಜಲ್ಲಿಯವರೆಗೆ ಚುಚ್ಚಿ ತೋರಿಸಿ. ಹೀಗೂ ಆಗಬಹುದು ಎನ್ನಿ, ಅಷ್ಟು ಸಾಕು. ಅವರ ಗುಡ್ಡದಲ್ಲಿ ಆದದ್ದು ಇದೇ ಎಂದು ಡಬ್ಬ ನೋಡಿ ತೀರ್ಮಾನ ಮಾಡಬಾರದು.

ಇಷ್ಟಾದ ಮೇಲೆ ಮುರಕಲ್ಲಿಗೆ ಬನ್ನಿ. ಒಣಗಿದ ಮುರಕಲ್ಲು ಮತ್ತು ಅಷ್ಟೇ ತೂಕದ ಕಪ್ಪುಕಲ್ಲಿನ ಚೂರನ್ನು ರಾತ್ರಿಯಿಡೀ ನೀರಲ್ಲಿಟ್ಟು, ಬೆಳಿಗ್ಗೆ ಒರೆಸಿ ಮತ್ತೆ ತೂಗಿ. ಮುರಕಲ್ಲು ಎಷ್ಟು ನೀರು ಹೀರಿದೆ ಎಂದು ಮಕ್ಕಳೇ ಲೆಕ್ಕ ಹಾಕಲಿ. ನಮ್ಮ ಕಡೆ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಜೊತೆಗೆ ಸೆಕೆ. ಲಕ್ಷಾಂತರ ವರ್ಷ ಹೀಗೆ ತೊಳೆದು ತೊಳೆದು ಬಂಡೆಯ ಸಿಲಿಕಾ, ಸುಣ್ಣದ ಅಂಶವೆಲ್ಲ ಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿದಿವೆ. ಬೇಕಲ ಕೋಟೆ ಕಟ್ಟಿದ್ದೂ ಇದೇ ಕಲ್ಲಿನಿಂದ. ಈಸ್ಟ್ ಇಂಡಿಯಾ ಕಂಪನಿಗಾಗಿ ಸರ್ವೆ ಮಾಡಿದ ಫ್ರಾನ್ಸಿಸ್ ಬುಕಾನನ್ ಇದನ್ನು ನಮ್ಮದೇ ಕೇರಳದ ಅಂಗಾಡಿಪುರಂನಲ್ಲಿ ನೋಡಿ, 1807ರ ತನ್ನ ಪುಸ್ತಕದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟ. ಇಡೀ ಜಗತ್ತು ಬಳಸುವ ಹೆಸರು ನಮ್ಮ ಮನೆಗೋಡೆಯ ಕಲ್ಲಿನದು ಎಂದು ಕೇಳಿದಾಗ ಮಕ್ಕಳ ಮುಖ ನೋಡಬೇಕು.

ಇನ್ನೊಂದು, ಇದನ್ನು ನೀವೇ ಮಾಡಿ ತೋರಿಸಿ: ಹಳದಿ ಮಣ್ಣನ್ನು ಮಡಕೆಯ ಚೂರಿನ ಮೇಲೆ ಹಾಕಿ ಸೌದೆ ಒಲೆಯಲ್ಲಿ ಚೆನ್ನಾಗಿ ಕಾಯಿಸಿ. ಕೆಂಪಾಗುತ್ತದೆ. ಹಳದಿ ಬಣ್ಣ ಗೋಥೈಟ್ ಎಂಬ ಕಬ್ಬಿಣದ ಖನಿಜದ್ದು, ಅದರಲ್ಲಿ ಸೇರಿಕೊಂಡಿರುವ ನೀರು ಕಾವಿಗೆ ಹೋಗಿ ಹೆಮಟೈಟ್ ಎಂಬ ಕೆಂಪು ಖನಿಜ ಉಳಿಯುತ್ತದೆ.

ಮಳೆಮಾಪಕವನ್ನು ಜೂನ್‌ನಲ್ಲಿ ಶಾಲೆ ಶುರುವಾದ ದಿನವೇ ಇಡಿ. ನೇರ ಬದಿಯ ಬಾಟಲಿಯ ಮೇಲ್ಭಾಗ ಕತ್ತರಿಸಿ ಬೋರಲು ಹಾಕಿದರೆ ಆಯಿತು. ತಳ ಉಬ್ಬುತಗ್ಗು ಇರುತ್ತದಲ್ಲ, ಅದು ಮುಚ್ಚುವಷ್ಟು ನೀರು ಹಾಕಿ ಅಲ್ಲಿಗೆ ಸೊನ್ನೆ ಗುರುತು ಮಾಡಿ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಅಂದರೆ ಒಂದು ಲೀಟರ್. ಹಾಗಾದರೆ 50 ಮಿ.ಮೀ. ಬಂದ ದಿನ 100 ಚದರ ಮೀಟರ್ ಮಾಡಿನ ಮೇಲೆ 5,000 ಲೀಟರ್ ಬಿದ್ದಿದೆ, ಅದು ಎಲ್ಲಿಗೆ ಹೋಯಿತು ಎಂದು ಕೇಳಿ. ಗಣಿತದ ಪೀರಿಯಡ್ ಕೂಡ ನಿಮಗೇ ಸಿಗುತ್ತದೆ.

ಮಕ್ಕಳನ್ನು ಸುರಂಗದ ಒಳಗೆ ಮಾತ್ರ ಬಿಡಬೇಡಿ. ಹಾವು, ಬಾವಲಿ ಇರುತ್ತವೆ, ಗಾಳಿಯೂ ಕಡಿಮೆ. ಮನೆಯವರನ್ನು ಕೇಳಿ ಬಾಯಿಯ ಹತ್ತಿರ ನಿಂತು ನೋಡಿದರೆ ಸಾಕು. ಊರಲ್ಲಿ ಸುರಂಗ ತೋಡಿದ ಅಜ್ಜ ಯಾರಾದರೂ ಇದ್ದರೆ ಒಂದು ದಿನ ಕ್ಲಾಸಿಗೆ ಕರೆಯಿರಿ. ಒಳಗೆ ಉರಿಯುವ ಬತ್ತಿ ಮಂಕಾದರೆ ತಕ್ಷಣ ಹೊರಗೆ ಬರುತ್ತಿದ್ದದ್ದು, ಎಲ್ಲಿ ತೋಡಬೇಕೆಂದು ಗುಡ್ಡ ನೋಡಿಯೇ ಹೇಳುತ್ತಿದ್ದದ್ದು, ಇದನ್ನೆಲ್ಲ ಅವರ ಬಾಯಲ್ಲೇ ಕೇಳಬೇಕು. ಶೇಡಿಮಣ್ಣು ಎಲ್ಲಿ ಸಿಗುತ್ತದೆ ಎಂದೂ ಅವರಿಗೇ ಗೊತ್ತಿರುತ್ತದೆ. ಸಿಗದಿದ್ದರೆ ಗದ್ದೆಯ ಜೇಡಿಮಣ್ಣು ಹಾಕಿ, ನಡೆಯುತ್ತದೆ.