ಅವ್ವನ ಅನುಮಾನ, ಮಗನ ಥಾಯ್ಲೆಂಡ್

ಸಿಂಧನೂರು ಕಡೆಯ 29ರ ಯುವಕ. ಗುರುತು ಸಿಗುವ ವಿವರ ಬದಲಿಸಿದೆ. ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಸಾಫ್ಟ್‌ವೇರ್ ಟೆಸ್ಟಿಂಗ್. ಆರು ತಿಂಗಳು ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿದ್ದು ಅದೇ ಕೆಲಸ ಮಾಡುವ ಆಸೆ. ತಂದೆ ಇಲ್ಲ. ತಾಯಿಗೆ ಸಕ್ಕರೆ ಕಾಯಿಲೆ, ದಿನಕ್ಕೆರಡು ಸಲ ಇನ್ಸುಲಿನ್. "ಅವ್ವ ಬ್ಯಾಡ ಅಂತಾಳ್ರಿ, ನೀವಾದ್ರೂ ಒಪ್ಸ್ರಿ" ಎಂದು ಆಪ್ತಸಲಹೆಗೆ ಬಂದಿದ್ದ.

ಒಪ್ಪಿಸುವುದು ಆಪ್ತಸಲಹೆಯ ಕೆಲಸವಲ್ಲ. ತಾಯಿಯನ್ನು ಬೇರೆಯಾಗಿ ಕೂರಿಸಿ ಕೇಳಿದಾಗ ಅವರ 'ಬ್ಯಾಡ'ದೊಳಗೆ ಎರಡು ಮಾತಿದ್ದವು. ಒಂದು: "ಕೆಲಸ ಅಂತ ಕರಕೊಂಡು ಹೋಗಿ ಕೂಡಿ ಹಾಕ್ತಾರಂತಲ್ರಿ, ಟಿವ್ಯಾಗ ತೋರಿಸ್ತಾರ." ಎರಡು: "ನನಗ ರಾತ್ರಿ ಶುಗರ್ ಇಳದ್ರ ಯಾರನ್ನ ಕರೀಲಿ?" ಮಗ ಎರಡಕ್ಕೂ "ಏನೂ ಆಗಲ್ಲ ಬಿಡಬೇ" ಎಂದಿದ್ದ. ಜಗಳ ಬೆಳೆದದ್ದು ಆ ಉತ್ತರದಿಂದ.

ಮೊದಲ ಭಯ ಸುಳ್ಳಲ್ಲ. ಥಾಯ್ಲೆಂಡಿನಲ್ಲಿ ಕೆಲಸವೆಂದು ನಂಬಿಸಿ, ಗಡಿ ದಾಟಿಸಿ ಮ್ಯಾನ್ಮಾರಿನ ಮ್ಯಾವಾಡಿ ಕಡೆಯ ಸೈಬರ್ ವಂಚನೆಯ ಅಡ್ಡೆಗಳಿಗೆ ಭಾರತದ ಹುಡುಗರನ್ನು ಸಾಗಿಸಿದ್ದು ನಡೆದ ಸಂಗತಿ. ಅಲ್ಲಿ ಕೆಲಸ ಕೊಡಿಸುವವನು ಏಜೆಂಟ್. ಇಲ್ಲಿ ಕೆಲಸ ಈಗಾಗಲೇ ಇದೆ, ಸಂಬಳ ಇದೇ ಖಾತೆಗೆ ಬೀಳುತ್ತದೆ. ಈ ವ್ಯತ್ಯಾಸವನ್ನು ತಾಯಿಗೆ ಆಫರ್ ಲೆಟರ್, ಸ್ಯಾಲರಿ ಸ್ಲಿಪ್ ಮುಂದಿಟ್ಟು ಓದಿ ಹೇಳಲು ಮಗನಿಗೆ ಸೂಚಿಸಲಾಯಿತು.

ಆದರೆ ಮಗನ ತಯಾರಿಯೂ ಬಾಯಿಮಾತಿನದೇ. ಮ್ಯಾನೇಜರ್ "ಹೋಗಪ್ಪಾ" ಎಂದದ್ದೇ ಅನುಮತಿ ಅಂದುಕೊಂಡಿದ್ದ. ಎಚ್‌ಆರ್‌ನಿಂದ ದೇಶ, ದಿನಾಂಕ ನಮೂದಿಸಿದ ಪತ್ರ ಬೇಕು. ಇಲ್ಲವಾದರೆ ವಿದೇಶದ ಲಾಗಿನ್ ಕಂಡ ದಿನವೇ ಐಟಿಯವರು ಖಾತೆ ಲಾಕ್ ಮಾಡಬಹುದು. ಹೊರದೇಶದ ಕಂಪನಿಗೆ ದೂರದಿಂದಲೇ ದುಡಿಯುವವರಿಗೂ ಸಿಗುವ, 2024ರಲ್ಲಿ ಬಂದ ಥಾಯ್ಲೆಂಡಿನ ಡಿಟಿವಿ ವೀಸಾಕ್ಕೆ 5 ಲಕ್ಷ ಬಾತ್ (ಅಲ್ಲಿನ ಹಣ) ಖಾತೆಯಲ್ಲಿ ತೋರಿಸಬೇಕು. ಗೆಳೆಯರಿಂದ ವಾರದ ಮಟ್ಟಿಗೆ ಹಾಕಿಸಿಕೊಂಡರಾಯಿತು ಎಂಬ ಲೆಕ್ಕ ಅವನದು. ಒಮ್ಮೆಲೇ ಬಂದು ಬಿದ್ದ ಹಣ ಸ್ಟೇಟ್‌ಮೆಂಟಿನಲ್ಲಿ ಎದ್ದು ಕಾಣುತ್ತದೆ. ಕ್ಯಾಲೆಂಡರ್ ವರ್ಷದಲ್ಲಿ 180 ದಿನ ಮುಟ್ಟಿದರೆ ಅಲ್ಲಿ ತೆರಿಗೆ ನಿವಾಸಿ, ಅಂದರೆ ಆ ದೇಶದ ತೆರಿಗೆ ಲೆಕ್ಕಕ್ಕೆ ಸೇರಿದವ ಎಂದು ಎಣಿಸುತ್ತಾರೆ, ಆದ್ದರಿಂದ ಐದು ತಿಂಗಳಿಗೆ ಇಳಿಸುವುದು ಲೇಸು.

ಹೇಳಲು ಹಿಂಜರಿದ ವಿಷಯವೊಂದಿತ್ತು. ನಿದ್ದೆಗೆಂದು ಕ್ಲೋನಾಜೆಪಾಮ್ ನುಂಗುತ್ತಿದ್ದ, ಆರು ತಿಂಗಳ ಮಾತ್ರೆ ಸೂಟ್‌ಕೇಸಿಗೆ ತುಂಬುವ ಯೋಚನೆ. ಥಾಯ್ಲೆಂಡಿನಲ್ಲಿ ಅದು ನಿಯಂತ್ರಿತ ಔಷಧ. ವೈದ್ಯರ ಚೀಟಿ ಇದ್ದರೂ 30 ದಿನದ್ದಕ್ಕಿಂತ ಹೆಚ್ಚು ಒಯ್ಯುವಂತಿಲ್ಲ. ಹಾಗೆಂದು ತಟ್ಟನೆ ಬಿಟ್ಟರೆ ನಿದ್ದೆ ಪೂರ್ತಿ ಹಾರುತ್ತದೆ, ಫಿಟ್ಸ್ ಕೂಡ ಬರಬಹುದು. ಮನೋವೈದ್ಯರ ಬಳಿ ಕಳಿಸಿ, ಡೋಸ್ ಹಂತಹಂತವಾಗಿ ಇಳಿಯುವ ತನಕ ಟಿಕೆಟ್ ಬುಕ್ ಮಾಡಬಾರದೆಂದು ನಿಷ್ಠುರವಾಗಿಯೇ ಹೇಳಲಾಯಿತು.

ಇಷ್ಟಾದ ಮೇಲೆ ಹದಿನೈದು ದಿನದ ರಿಹರ್ಸಲ್. ಮಗ ಬಳ್ಳಾರಿಯಲ್ಲಿ ರೂಮು ಹಿಡಿದು, ಗಡಿಯಾರವನ್ನು ಒಂದೂವರೆ ತಾಸು ಮುಂದಿಟ್ಟು ಕೆಲಸ ಮಾಡಬೇಕು. ಬೆಂಗಳೂರಿನ ಒಂಬತ್ತೂವರೆ ಚಿಯಾಂಗ್ ಮಾಯ್‌ನಲ್ಲಿ ಹನ್ನೊಂದು. ಊರಿಗೆ ಓಡಿ ಬರುವಂತಿಲ್ಲ.

ನಾಲ್ಕನೇ ದಿನ ಗಂಟು ಸಿಕ್ಕಿತು. ತಾಯಿ ಸಿಲಿಂಡರ್ ತರಿಸಿದ್ದರು. ಮನೆ ಬಾಗಿಲಲ್ಲಿ ಡೆಲಿವರಿ ಹುಡುಗ ಓಟಿಪಿ ಕೇಳಿದ. ಅದು ಹೋದದ್ದು ಮಗನ ಮೊಬೈಲಿಗೆ, ಮಗ ಮೀಟಿಂಗಿನಲ್ಲಿ. ತಾಯಿ ಮೂರು ಸಲ ಫೋನ್ ಮಾಡಿದರು, ಹುಡುಗ ಸಿಲಿಂಡರ್ ವಾಪಸ್ ಒಯ್ದ. ಗ್ಯಾಸು, ತಾಯಿಯ ಬ್ಯಾಂಕ್ ಖಾತೆ, ಆಧಾರ್ ಎಲ್ಲಕ್ಕೂ ಮಗನದೇ ನಂಬರ್! ಮರುದಿನವೇ ತಾಯಿಯ ಹೆಸರಿನ ಸಿಮ್, ಕೀಪ್ಯಾಡ್ ಫೋನ್ ಬಂತು. ಆಧಾರಿಗೆ ಜೋಡಿಸಿದ ಮೊಬೈಲ್ ನಂಬರ್ ಬದಲಿಸಲು ತಾಯಿ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಡುವುದು, ಬ್ಯಾಂಕಿಗೆ ಪಾಸ್‌ಬುಕ್ ಸಮೇತ ಅರ್ಜಿ. ಮಗ ತನ್ನ ಸಿಮ್‌ಗೆ ಅಂತರರಾಷ್ಟ್ರೀಯ ರೋಮಿಂಗನ್ನು ಇಲ್ಲಿರುವಾಗಲೇ ಆನ್ ಮಾಡಿಸಿ, ರೀಚಾರ್ಜ್ ತಪ್ಪದಂತೆ ನೋಡಿಕೊಳ್ಳಬೇಕು.

ಶುಗರಿನ ವಿಷಯಕ್ಕೆ ಫ್ರಿಜ್ಜಿನ ಬಾಗಿಲಿಗೆ ದಪ್ಪಕ್ಷರದ ಹಾಳೆ: ಬೆವರು, ನಡುಕ ಬಂದರೆ, ಅಥವಾ ಮೀಟರಿನಲ್ಲಿ 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯುವುದು, 15 ನಿಮಿಷಕ್ಕೆ ಮತ್ತೆ ನೋಡುವುದು, ಏರದಿದ್ದರೆ ಇನ್ನೊಮ್ಮೆ, ಪಕ್ಕದ ಮನೆಗೆ ಫೋನು, 108. ತೆರೆಯದ ಇನ್ಸುಲಿನ್ ಸೀಸೆ ಫ್ರಿಜ್ಜಿನಲ್ಲಿ, ಫ್ರೀಜರಿನಿಂದ ದೂರ. ಬೇಸಿಗೆಯಲ್ಲಿ ಕರೆಂಟು ಹೋದರೆ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆ.

ಹಾಳೆಯ ಕೊನೆಯ ಸಾಲು ತಾಯಿಯೇ ಬರೆಸಿದ್ದು: "ರಾತ್ರಿ ಎಂಟಕ್ಕ ಫೋನ್." ಅಲ್ಲಿ ಆಗ ಒಂಬತ್ತೂವರೆ, ಮಗನ ಕೆಲಸ ಮುಗಿದಿರುತ್ತದೆ. ಡೋಸ್ ಅರ್ಧಕ್ಕೆ ಇಳಿದಿದೆ, ಟಿಕೆಟ್ ಇನ್ನೂ ಆಗಿಲ್ಲ.